ಕಾಯ್ದಿಟ್ಟ ಮೇಜು, ಬಾರದ ಅತಿಥಿ



ಹೋಟೆಲಿನಲ್ಲಿ ಊಟ ಮಾಡಿದ ಮೇಲೆ ಬಿಲ್ಲು ಕೊಡಬೇಕೆಂಬುದು ಎಲ್ಲರಿಗೂ ಗೊತ್ತು. ಆದರೆ ಊಟ ಮಾಡದೆ, ಹೋಟೆಲಿನ ಮೆಟ್ಟಿಲನ್ನೂ ಹತ್ತದೆ, ಹಣ ಕೊಡಬೇಕಾಗಿ ಬಂದರೆ? ಇದೆಲ್ಲಿಯ ನ್ಯಾಯ ಎಂದು ನೀವು ಕೇಳಬಹುದು. ಅಮೆರಿಕ, ಇಂಗ್ಲೆಂಡ್ ಮುಂತಾದ ದೇಶಗಳ ದೊಡ್ಡ ನಗರಗಳಲ್ಲಿ ಈಗ ಇದು ಬಳಕೆಯಲ್ಲಿರುವ ಪದ್ಧತಿ. ಊಟಕ್ಕೆ ಬರುತ್ತೇವೆಂದು ಹೇಳಿ ಮೇಜು ಕಾಯ್ದಿರಿಸಿಕೊಂಡವರು ತಿಳಿಸದೆ ತಪ್ಪಿಸಿಕೊಂಡರೆ ತಲೆಗೆ ಇಷ್ಟು ಎಂದು ಶುಲ್ಕ ಹಾಕುತ್ತಾರೆ. ಬೆಂಗಳೂರಿನಂಥ ನಮ್ಮ ನಗರಗಳಲ್ಲೂ ಕೆಲವು ರೆಸ್ಟೋರೆಂಟುಗಳು ಮೇಜು ಕಾಯ್ದಿರಿಸುವಾಗಲೇ ಒಂದಿಷ್ಟು ಹಣ ಕಟ್ಟಿಸಿಕೊಳ್ಳುತ್ತವೆ. ಬಂದವರಿಗೆ ಅದನ್ನು ಬಿಲ್ಲಿನಲ್ಲಿ ಕಳೆಯುತ್ತವೆ. ಬಾರದವರ ಹಣ ಅಲ್ಲಿಯೇ ಉಳಿಯುತ್ತದೆ. ಇದು ಸರಿಯೇ, ತಪ್ಪೇ ಎಂಬುದನ್ನು ಈ ದಿನ ನಾವು ವಿಚಾರ ಮಾಡೋಣ.

ಹೋಟೆಲಿಗೆ ಹೋಗುವುದೇ ಅಪರೂಪ, ಇನ್ನು ಮೇಜು ಕಾಯ್ದಿರಿಸುವ ಮಾತೆಲ್ಲಿ ಎಂದು ನಿಮ್ಮಲ್ಲಿ ಅನೇಕರಿಗೆ ಅನ್ನಿಸಬಹುದು. ಮೇಲ್ನೋಟಕ್ಕೆ ಇದು ಹಣವಂತರ ಪ್ರಶ್ನೆಯಂತೆಯೇ ಕಾಣುತ್ತದೆ. ಆದರೆ ಅದರ ಒಳಗಿರುವುದು ನಮ್ಮೆಲ್ಲರ ಪ್ರಶ್ನೆ. ಕೊಟ್ಟ ಮಾತಿಗೆ ಬೆಲೆ ಉಂಟೇ? ಉಂಟಾದರೆ ಅದನ್ನು ರೂಪಾಯಿಯಲ್ಲಿ ಅಳೆಯಬಹುದೇ? ಅಳೆಯುವವರು ಯಾರು?

ಮೊದಲು ನಮ್ಮ ಹೋಟೆಲುಗಳನ್ನೇ ನೋಡೋಣ. ಮೊದಲು ಬಂದವರಿಗೆ ಮೊದಲು ಜಾಗ ಎಂಬುದು ಇಲ್ಲಿನ ಹಳೆಯ ಕ್ರಮ. ಊಟದ ಹೊತ್ತಿನಲ್ಲಿ ಉಡುಪಿ ಹೋಟೆಲಿಗೆ ಹೋದರೆ, ಉಣ್ಣುತ್ತಿರುವವರ ಬೆನ್ನ ಹಿಂದೆ ನಿಂತು ಕುರ್ಚಿ ಖಾಲಿಯಾಗುವುದನ್ನು ಕಾಯುತ್ತೇವೆ. 1924ರಲ್ಲಿ ಆರಂಭವಾದ ಮಾವಳ್ಳಿ ಟಿಫಿನ್ ರೂಮ್ಸ್, 1943ರಲ್ಲಿ ಗಾಂಧಿ ಬಜಾರಿನಲ್ಲಿ ಬಾಗಿಲು ತೆರೆದ ವಿದ್ಯಾರ್ಥಿ ಭವನ, ಇವುಗಳ ಮುಂದೆ ರಜಾದಿನದ ಬೆಳಿಗ್ಗೆ ಜನ ಸರದಿಯಲ್ಲಿ ಕಾದಿರುವುದನ್ನು ಬೆಂಗಳೂರಿನವರೆಲ್ಲ ಕಂಡಿದ್ದಾರೆ. 1980ರ ದಶಕದಲ್ಲಿ ಬಂದ ದರ್ಶಿನಿಗಳಲ್ಲಂತೂ ಕೂರುವ ಮಾತೇ ಇಲ್ಲ. ಚೀಟಿ ಕೊಂಡು, ತಟ್ಟೆ ಹಿಡಿದು, ನಿಂತೇ ತಿಂದು ಹೊರಡುವುದು. ಇಂಥ ಕಡೆ ಬಾರದ ಗಿರಾಕಿಯಿಂದ ಯಾರಿಗೂ ತೊಂದರೆಯಿಲ್ಲ. ನೀವು ಬಾರದಿದ್ದರೆ ಆ ಜಾಗಕ್ಕೆ ಇನ್ನೊಬ್ಬರು ಬರುತ್ತಾರೆ. ಕಾಯುವ ಕಷ್ಟವೆಲ್ಲ ಗಿರಾಕಿಯದು.

ಮೇಜು ಕಾಯ್ದಿರಿಸುವ ಏರ್ಪಾಟಿನಲ್ಲಿ ಈ ಲೆಕ್ಕ ತಿರುವುಮುರುವಾಗುತ್ತದೆ. ಅಲ್ಲಿ ಕಾಯುವವನು ಹೋಟೆಲಿನವನು. ರಾತ್ರಿ ಎಂಟು ಗಂಟೆಗೆ ನಾಲ್ಕು ಜನ ಬರುತ್ತೇವೆಂದು ನೀವು ಹೇಳಿದ ಕ್ಷಣದಿಂದ ಆ ಮೇಜು ನಿಮ್ಮದು. ಏಳೂವರೆಗೆ ಬಂದು ಜಾಗ ಉಂಟೇ ಎಂದು ಕೇಳಿದವರಿಗೆ ಆತ ಇಲ್ಲವೆನ್ನಬೇಕು. ಎಂಟೂವರೆಯಾದರೂ ನೀವು ಬಾರದಿದ್ದರೆ ಕೇಳಿದವರೂ ಇಲ್ಲ, ಹೇಳಿದವರೂ ಇಲ್ಲ ಎಂಬ ಸ್ಥಿತಿ.

ಇದರಿಂದ ಆಗುವ ನಷ್ಟವೆಷ್ಟು? ಒಂದು ಚಿಕ್ಕ ಲೆಕ್ಕ ಹಾಕಿ ನೋಡೋಣ. ಹತ್ತು ಮೇಜುಗಳ, ಮೇಜಿಗೆ ನಾಲ್ಕು ಕುರ್ಚಿಗಳ ಒಂದು ಹೋಟೆಲನ್ನು ಊಹಿಸಿಕೊಳ್ಳಿ. ಒಬ್ಬರ ಊಟಕ್ಕೆ 500 ರೂಪಾಯಿ. ಎಲ್ಲ ಮೇಜುಗಳೂ ತುಂಬಿದರೆ ಆ ರಾತ್ರಿಯ ವ್ಯಾಪಾರ 20,000 ರೂಪಾಯಿ. ಬಾಡಿಗೆ, ಸಂಬಳ, ದಿನಸಿ, ಗ್ಯಾಸು, ವಿದ್ಯುತ್ತು ಎಲ್ಲ ಸೇರಿ 18,000 ಖರ್ಚಾದರೆ ಉಳಿಯುವುದು 2,000. ಈಗ ಎರಡು ಮೇಜಿನವರು ಬರಲಿಲ್ಲವೆಂದುಕೊಳ್ಳಿ. ವ್ಯಾಪಾರ 16,000ಕ್ಕೆ ಇಳಿಯಿತು. ಖರ್ಚು ಅಷ್ಟೇ ಇಳಿಯುವುದಿಲ್ಲ. ಬಾಡಿಗೆ, ಸಂಬಳ ಹಾಗೆಯೇ ನಿಂತಿವೆ. ನಾಳೆಗೆ ಬಳಸಬಹುದಾದ ಪದಾರ್ಥಗಳಿಂದ ಸಾವಿರ ರೂಪಾಯಿ ಉಳಿಯಿತೆಂದರೂ ಖರ್ಚು 17,000. ಎರಡು ಸಾವಿರ ಲಾಭವಾಗಬೇಕಾಗಿದ್ದ ರಾತ್ರಿ ಸಾವಿರ ರೂಪಾಯಿ ನಷ್ಟದಲ್ಲಿ ಮುಗಿಯಿತು. ಎಂಟು ಜನ ಬಾರದಿದ್ದುದಕ್ಕೆ ಇಷ್ಟಾಯಿತು!

ಬಟ್ಟೆ ಅಂಗಡಿಯಲ್ಲಿ ಇಂದು ಮಾರಾಟವಾಗದ ಸೀರೆಯನ್ನು ನಾಳೆ ಮಾರಬಹುದು. ಹೋಟೆಲಿನ ಕುರ್ಚಿ ಹಾಗಲ್ಲ. ಅದು ಬಸ್ಸಿನ ಸೀಟಿನಂತೆ. ಬಸ್ಸು ನಿಲ್ದಾಣ ಬಿಟ್ಟ ಮೇಲೆ ಖಾಲಿ ಸೀಟನ್ನು ಮಾರಲು ಸಾಧ್ಯವಿಲ್ಲ. ಕಳೆದುಹೋದ ಶನಿವಾರದ ಎಂಟು ಗಂಟೆಯನ್ನು ಯಾವ ಹೋಟೆಲಿನವನೂ ಮತ್ತೆ ಮಾರಲಾರ. ಹಾನಿ ಮಾಲೀಕನೊಬ್ಬನಿಗೇ ಅಲ್ಲ ಎಂಬುದನ್ನೂ ಗಮನಿಸಿ. ಬಡಿಸುವ ಹುಡುಗನಿಗೆ ಸಿಗಬೇಕಾದ ಭಕ್ಷೀಸು ಹೋಯಿತು. ಮಾಡಿಟ್ಟ ಅಡಿಗೆ ಹಾಳಾಯಿತು. ಜಾಗವಿಲ್ಲವೆಂದು ಕೇಳಿಸಿಕೊಂಡು ಮಕ್ಕಳೊಂದಿಗೆ ಹಿಂತಿರುಗಿದ ಇನ್ನೊಂದು ಸಂಸಾರಕ್ಕೆ ಆಸೆಭಂಗವಾಯಿತು. ಅವರಿಗೆ ಜಾಗ ತಪ್ಪಿಸಿದವರು ಯಾರೆಂಬುದು ಅವರಿಗೆ ಎಂದೂ ತಿಳಿಯುವುದಿಲ್ಲ.

ಹೀಗೆ ಬಾರದವರಿಂದ ಹಣ ಪಡೆಯುವುದು ಪರದೇಶದಿಂದ ಬಂದ ಹೊಸ ಕಲ್ಪನೆಯೆಂದು ತಿಳಿಯಬೇಡಿ. ನಮ್ಮ ಮದುವೆ ಮನೆಗಳ 'ಎಲೆ ಲೆಕ್ಕ'ವನ್ನು ನೆನೆಯಿರಿ. ಅಡಿಗೆಯ ಗುತ್ತಿಗೆದಾರರೊಂದಿಗೆ ಎಲೆಗೆ ಇಷ್ಟು ಎಂದು ಮಾತಾಗುತ್ತದೆ. ಐನೂರು ಎಲೆ ಎಂದು ಒಪ್ಪಿಕೊಂಡ ಮೇಲೆ ನಾನೂರ ಇಪ್ಪತ್ತು ಜನರೇ ಉಂಡರೂ, ಸಾಮಾನ್ಯವಾಗಿ ಐನೂರು ಎಲೆಯ ಹಣವನ್ನೇ ಕೊಡುತ್ತೇವೆ. ಅಕ್ಕಿ ನೆನೆಸಿ, ಬೇಳೆ ಬೇಯಿಸಿ, ಕಾಯಿ ತುರಿದು ಆಗಿದೆಯಲ್ಲ! ಇದನ್ನು ದಂಡವೆಂದು ಯಾರೂ ಕರೆಯುವುದಿಲ್ಲ.

ನಿಮ್ಮಲ್ಲಿ ಹಾಸ್ಟೆಲಿನಲ್ಲಿರುವವರಿಗೆ ಇನ್ನೂ ಹತ್ತಿರದ ಉದಾಹರಣೆಯೊಂದಿದೆ. ಊರಿಗೆ ಹೋಗುವ ಮುನ್ನ ಮೆಸ್ಸಿನ ಪುಸ್ತಕದಲ್ಲಿ ಹೆಸರು ಬರೆದು ಹೋದರೆ ಅಷ್ಟು ದಿನದ ಊಟದ ಹಣವನ್ನು ಅನೇಕ ಹಾಸ್ಟೆಲುಗಳಲ್ಲಿ ಕಳೆಯುತ್ತಾರೆ. ಬರೆಯದೆ ಹೋದರೆ ಉಣ್ಣದ ಊಟಕ್ಕೂ ಹಣ ಕಟ್ಟಬೇಕು. ಅಲ್ಲಿ ನೀವು ಊರಿಗೆ ಹೋದದ್ದು ತಪ್ಪಲ್ಲ, ಹೇಳದೆ ಹೋದದ್ದು ತಪ್ಪು. ಈ ಒಂದು ವ್ಯತ್ಯಾಸವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ನಮ್ಮ ಇಡೀ ಚರ್ಚೆಯ ಕೀಲಿಕೈ ಅಲ್ಲಿದೆ.

ರೈಲ್ವೆ ಇಲಾಖೆಯೂ ಇದೇ ತತ್ತ್ವವನ್ನು ಅನುಸರಿಸಿದೆ. 2015ರ ನವೆಂಬರಿನಲ್ಲಿ ಜಾರಿಗೆ ಬಂದ ನಿಯಮಗಳನ್ನೇ ನೋಡಿ. ದೃಢಪಟ್ಟ ಟಿಕೆಟನ್ನು ರೈಲು ಹೊರಡುವುದಕ್ಕೆ 48 ಗಂಟೆಗಳಿಗಿಂತ ಮುಂಚೆ ರದ್ದು ಮಾಡಿದರೆ ಕಡಿತ ಅಲ್ಪವಾಗಿತ್ತು. 48ರಿಂದ 12 ಗಂಟೆಯೊಳಗಾದರೆ ಶೇಕಡ 25ರಷ್ಟು, 12ರಿಂದ 4 ಗಂಟೆಯೊಳಗಾದರೆ ಶೇಕಡ 50ರಷ್ಟು ಕಡಿತವಾಗುತ್ತಿತ್ತು. ಅದಕ್ಕೂ ತಡವಾದರೆ ಏನೂ ಹಿಂದಕ್ಕೆ ಬರುತ್ತಿರಲಿಲ್ಲ. ಬೇಗ ತಿಳಿಸಿದಷ್ಟೂ ಆ ಬರ್ತು ಇನ್ನೊಬ್ಬರಿಗೆ ಸಿಗುವ ಅವಕಾಶ ಹೆಚ್ಚು, ಆದ್ದರಿಂದ ಕಡಿತ ಕಡಿಮೆ ಎಂಬುದು ಇದರ ತರ್ಕ.

ಹಾಗಾದರೆ ಹೋಟೆಲುಗಳಿಗೆ ಈ ಯೋಚನೆ ಈಚೆಗೆ ಏಕೆ ಬಲವಾಗಿ ಬಂತು? ಮೇಜು ಕಾಯ್ದಿರಿಸುವುದು ತೀರ ಸುಲಭವಾದದ್ದೇ ಒಂದು ಕಾರಣ. ಹಿಂದೆ ಫೋನ್ ಮಾಡಿ, ಒಬ್ಬ ಮನುಷ್ಯನೊಂದಿಗೆ ಮಾತನಾಡಿ, ಹೆಸರು ಹೇಳಬೇಕಾಗಿತ್ತು. ಬಾರದಿದ್ದರೆ ಆ ಮನುಷ್ಯನಿಗೆ ಮುಖ ತೋರಿಸುವುದು ಹೇಗೆಂಬ ಸಂಕೋಚವೂ ಇರುತ್ತಿತ್ತು. 1998ರಲ್ಲಿ ಅಮೆರಿಕದಲ್ಲಿ ಓಪನ್‌ಟೇಬಲ್ ಎಂಬ ಕಂಪನಿ ಆರಂಭವಾಗಿ, ಇಂಟರ್‌ನೆಟ್ಟಿನ ಮೂಲಕ ಮೇಜು ಕಾಯ್ದಿರಿಸುವ ಏರ್ಪಾಟು ಹರಡಿತು. ಈಗ ಬೆರಳ ತುದಿಯಲ್ಲಿ ಒಂದೇ ರಾತ್ರಿಗೆ ಬೇರೆ ಬೇರೆ ಮೂರು ಹೋಟೆಲುಗಳಲ್ಲಿ ಜಾಗ ಹಿಡಿದಿಟ್ಟು, ಕೊನೆಯ ಗಳಿಗೆಯಲ್ಲಿ ಮನಸ್ಸು ಬಂದ ಕಡೆ ಹೋಗುವವರಿದ್ದಾರೆ. ಉಳಿದ ಇಬ್ಬರಿಗೆ ತಿಳಿಸುವ ಗೋಜಿಗೆ ಅವರು ಹೋಗುವುದಿಲ್ಲ. ಎದುರಿಗೆ ಮನುಷ್ಯನಿಲ್ಲದಿದ್ದರೆ ಸಂಕೋಚವೂ ಇರುವುದಿಲ್ಲ.

ಇದಕ್ಕೆ ಷಿಕಾಗೋ ನಗರದವರು ಒಂದು ಉಪಾಯ ಹುಡುಕಿದರು. 2011ರಲ್ಲಿ ಅಲ್ಲಿ ಗ್ರಾಂಟ್ ಆಕಟ್ಸ್ ಎಂಬ ಬಾಣಸಿಗ, ನಿಕ್ ಕೊಕೊನಾಸ್ ಎಂಬ ಪಾಲುದಾರ ಸೇರಿ 'ನೆಕ್ಸ್ಟ್' ಎಂಬ ರೆಸ್ಟೋರೆಂಟನ್ನು ತೆರೆದರು. ಅಲ್ಲಿ ಮೇಜು ಕಾಯ್ದಿರಿಸುವ ಬದಲು, ನಾಟಕದ ಟಿಕೆಟಿನಂತೆ ಊಟದ ಟಿಕೆಟನ್ನೇ ಪೂರ್ತಿ ಹಣ ಕೊಟ್ಟು ಮೊದಲೇ ಕೊಳ್ಳಬೇಕು. ಹೋಗಲಾಗದಿದ್ದರೆ ಹಣ ವಾಪಸ್ಸಿಲ್ಲ; ಬೇಕಾದರೆ ಟಿಕೆಟನ್ನು ಗೆಳೆಯರಿಗೆ ಕೊಡಬಹುದು. ನಾಟಕಕ್ಕೆ ಹೋಗದವರು ರಂಗಮಂದಿರದವರಿಂದ ಹಣ ಹಿಂದಕ್ಕೆ ಕೇಳುವುದಿಲ್ಲ. ಊಟಕ್ಕೆ ಮಾತ್ರ ಬೇರೆ ನ್ಯಾಯವೇಕೆ ಎಂಬುದು ಅವರ ವಾದ.

ಜಪಾನಿನಲ್ಲಿ ಸರ್ಕಾರವೇ ಈ ವಿಷಯಕ್ಕೆ ಗಮನ ಕೊಟ್ಟಿತು. ಅಲ್ಲಿನ ಆರ್ಥಿಕ, ವಾಣಿಜ್ಯ ಮತ್ತು ಕೈಗಾರಿಕಾ ಸಚಿವಾಲಯ 2018ರ ನವೆಂಬರಿನಲ್ಲಿ ಪ್ರಕಟಿಸಿದ ತಜ್ಞರ ವರದಿ, ಹೇಳದೆ ಕೇಳದೆ ಬಾರದೆ ಹೋಗುವವರಿಂದ ಹೋಟೆಲುಗಳಿಗೆ ವರ್ಷಕ್ಕೆ ಸುಮಾರು 20,000 ಕೋಟಿ ಯೆನ್ ನಷ್ಟವಾಗುತ್ತಿದೆಯೆಂದು ಅಂದಾಜು ಮಾಡಿತು. ಇಂತಿಷ್ಟು ಬಗೆಯ ಪೂರ್ತಿ ಊಟ ಬೇಕೆಂದು ಮೊದಲೇ ಗೊತ್ತುಮಾಡಿದ್ದರೆ ಅದರ ಪೂರ್ತಿ ಬೆಲೆ, ಬರೀ ಜಾಗ ಕಾಯ್ದಿರಿಸಿದ್ದರೆ ಒಬ್ಬ ಗಿರಾಕಿಯ ಸರಾಸರಿ ಬಿಲ್ಲಿನ ಒಂದು ಭಾಗ, ಹೀಗೆ ಶುಲ್ಕವನ್ನು ನಷ್ಟಕ್ಕೆ ತಕ್ಕಂತೆ ಲೆಕ್ಕ ಹಾಕುವ ದಾರಿಯನ್ನೂ ಆ ವರದಿ ಸೂಚಿಸಿತು.

ಇಲ್ಲಿಯವರೆಗೆ ಹೋಟೆಲಿನವರ ಪರವಾದ ಮಾತು ಕೇಳಿದಿರಿ. ಇನ್ನು ಇದರ ಇನ್ನೊಂದು ಮಗ್ಗುಲನ್ನು ನೋಡೋಣ.

ಬಾರದವರೆಲ್ಲ ಬೇಜವಾಬ್ದಾರಿ ಜನರಲ್ಲ. ಮಗುವಿಗೆ ಜ್ವರ ಬಂದಿರಬಹುದು. ದಾರಿಯಲ್ಲಿ ಅಪಘಾತವಾಗಿರಬಹುದು. ಮಳೆ ಬಂದ ಸಂಜೆ ಬೆಂಗಳೂರಿನ ರಸ್ತೆಗಳಲ್ಲಿ ಸಿಕ್ಕಿಕೊಂಡವರ ಪಾಡು ನಿಮಗೆ ಗೊತ್ತೇ ಇದೆ. ಯಂತ್ರದ ಮೂಲಕ ತಾನಾಗಿ ಕಡಿತವಾಗುವ ಶುಲ್ಕ ಇವರನ್ನೂ, ಮೂರು ಕಡೆ ಜಾಗ ಹಿಡಿದಿಟ್ಟವನನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಇನ್ನೊಂದು ಮಾತೂ ಉಂಟು. ಕ್ರೆಡಿಟ್ ಕಾರ್ಡಿನ ನಂಬರು ಕೊಟ್ಟವರಿಗಷ್ಟೇ ಜಾಗ ಎಂದಾದರೆ ಕಾರ್ಡಿಲ್ಲದವರು, ವಿದ್ಯಾರ್ಥಿಗಳು, ವಯಸ್ಸಾದವರು ಬಾಗಿಲ ಹೊರಗೇ ಉಳಿಯುತ್ತಾರೆ.

ಶುಲ್ಕ ಹಾಕಿದ ಮಾತ್ರಕ್ಕೆ ಜನ ಸರಿಹೋಗುತ್ತಾರೆಯೇ ಎಂಬ ಪ್ರಶ್ನೆ ಇನ್ನೂ ಆಳವಾದದ್ದು. ಇದಕ್ಕೆ ಇಸ್ರೇಲ್ ದೇಶದ ಹೈಫಾ ನಗರದಲ್ಲಿ ನಡೆದ ಒಂದು ಅಧ್ಯಯನ ಬೆಳಕು ಚೆಲ್ಲುತ್ತದೆ. ಉರಿ ಗ್ನೀಜಿ ಮತ್ತು ಆಲ್ಡೊ ರುಸ್ಟಿಕೀನಿ ಎಂಬ ಅರ್ಥಶಾಸ್ತ್ರಜ್ಞರು 2000ದಲ್ಲಿ ಅದನ್ನು ಪ್ರಕಟಿಸಿದರು. ಅಲ್ಲಿನ ಹತ್ತು ಶಿಶುವಿಹಾರಗಳಲ್ಲಿ ಕೆಲವು ತಾಯ್ತಂದೆಯರು ಸಂಜೆ ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುತ್ತಿದ್ದರು. ಶಿಕ್ಷಕಿಯರು ಕಾದು ಕುಳಿತಿರಬೇಕಾಗುತ್ತಿತ್ತು. ಆರು ಶಿಶುವಿಹಾರಗಳಲ್ಲಿ, ಹತ್ತು ನಿಮಿಷಕ್ಕಿಂತ ತಡವಾದರೆ ಒಂದು ಚಿಕ್ಕ ದಂಡ ಎಂದು ಗೊತ್ತುಮಾಡಿದರು. ತಡವಾಗಿ ಬರುವವರು ಕಡಿಮೆಯಾಗಬೇಕಾಗಿತ್ತು. ಆದರೆ ಅವರ ಸಂಖ್ಯೆ ಸುಮಾರು ಎರಡು ಪಟ್ಟಾಯಿತು! ಅದುವರೆಗೆ, ಪಾಪ, ಆ ಟೀಚರಮ್ಮ ಕಾಯುತ್ತಿರುತ್ತಾರೆ ಎಂಬ ಅಳುಕು ಅವರಲ್ಲಿತ್ತು. ದಂಡ ಬಂದ ಮೇಲೆ, ಹಣ ಕೊಡುತ್ತೇವಲ್ಲ ಎಂಬ ನಿರಾಳ ಭಾವನೆ ಬಂತು. ತಪ್ಪಿಗೆ ಹಾಕಿದ ದಂಡ, ತಡವಾಗಿ ಬರುವ ಹಕ್ಕಿನ ಬೆಲೆಯಾಗಿಹೋಯಿತು. ಕೆಲವು ವಾರಗಳ ನಂತರ ದಂಡವನ್ನು ತೆಗೆದುಹಾಕಿದರೂ ಹಳೆಯ ಅಳುಕು ಮರಳಿ ಬರಲಿಲ್ಲ.

ಹೋಟೆಲಿನವರು ಇದರಿಂದ ಕಲಿಯಬೇಕಾದ ಪಾಠವಿದೆ. ಶುಲ್ಕ ತೀರ ಚಿಕ್ಕದಾದರೆ ಹಣವಂತರು ಅದನ್ನು ಬಿಸಾಡಿ, ನಿಶ್ಚಿಂತೆಯಿಂದ ಮಾತು ತಪ್ಪುತ್ತಾರೆ. ತೀರ ದೊಡ್ಡದಾದರೆ ಸಾಮಾನ್ಯ ಜನ ಆ ಕಡೆ ಸುಳಿಯುವುದಿಲ್ಲ.

ಹಾಗಾದರೆ ಬೇರೆ ದಾರಿ ಇಲ್ಲವೇ? ಇದೆ, ಮತ್ತು ಅದಕ್ಕೆ ಒಂದು ಕಾಸೂ ಖರ್ಚಿಲ್ಲ. 1990ರ ದಶಕದ ಕೊನೆಯಲ್ಲಿ, ಷಿಕಾಗೋದಲ್ಲೇ, ಗಾರ್ಡನ್ ಸಿಂಕ್ಲೇರ್ ಎಂಬ ಹೋಟೆಲು ಮಾಲೀಕರಿಗೆ ಈ ಕಾಟ ಬಹಳವಾಗಿತ್ತು. ಕಾಯ್ದಿರಿಸಿದವರಲ್ಲಿ ಶೇಕಡ 30ರಷ್ಟು ಮಂದಿ ಬರುತ್ತಲೇ ಇರಲಿಲ್ಲ. ಫೋನ್ ತೆಗೆದುಕೊಳ್ಳುವಾಕೆ ಗಿರಾಕಿಗಳಿಗೆ, ಕಾರ್ಯಕ್ರಮ ಬದಲಾದರೆ ದಯವಿಟ್ಟು ಫೋನ್ ಮಾಡಿ ಎಂದು ಹೇಳುತ್ತಿದ್ದಳು. ಸಿಂಕ್ಲೇರ್ ಅದನ್ನು ಸ್ವಲ್ಪ ಬದಲಾಯಿಸಿದರು. ಕಾರ್ಯಕ್ರಮ ಬದಲಾದರೆ ದಯವಿಟ್ಟು ಫೋನ್ ಮಾಡುತ್ತೀರಾ ಎಂದು ಕೇಳಿ, ಉತ್ತರಕ್ಕಾಗಿ ಒಂದು ಕ್ಷಣ ಸುಮ್ಮನಿರಬೇಕೆಂದರು. ಗಿರಾಕಿ ಆಗಲಿ ಎನ್ನಲೇಬೇಕು. ಅಷ್ಟರಿಂದಲೇ ಬಾರದವರ ಪ್ರಮಾಣ ಶೇಕಡ 10ಕ್ಕೆ ಇಳಿಯಿತು. ಮನೋವಿಜ್ಞಾನಿ ರಾಬರ್ಟ್ ಚಿಯಾಲ್ಡೀನಿ ಈ ಪ್ರಸಂಗವನ್ನು ತಮ್ಮ ಬರಹಗಳಲ್ಲಿ ಹೇಳಿದ್ದಾರೆ. ಕೇಳಿಸಿಕೊಂಡ ಮಾತಿಗಿಂತ ಆಡಿದ ಮಾತು ಮನುಷ್ಯನನ್ನು ಹೆಚ್ಚಾಗಿ ಕಟ್ಟುತ್ತದೆ ಎಂಬುದು ಇದರ ಸಾರ.

ಆದರೆ ಮೂವತ್ತು ಹತ್ತಾಯಿತೇ ಹೊರತು ಸೊನ್ನೆಯಾಗಲಿಲ್ಲ. ಉಳಿದ ಆ ಹತ್ತು ಮಂದಿಯ ವಿಷಯಕ್ಕೆ ಶುಲ್ಕದ ಪ್ರಶ್ನೆ ಮತ್ತೆ ಬರುತ್ತದೆ.

ಇದರ ಬಗ್ಗೆ ನಮ್ಮ ಕಾನೂನು ಏನು ಹೇಳುತ್ತದೆ? 1872ರ ಭಾರತೀಯ ಕರಾರು ಕಾಯಿದೆಯ 74ನೆಯ ಕಲಮಿನಲ್ಲಿ ಒಂದು ಮುಖ್ಯ ತತ್ತ್ವವಿದೆ. ಮಾತು ತಪ್ಪಿದವರು ಇಷ್ಟು ಹಣ ಕೊಡಬೇಕೆಂದು ಕರಾರಿನಲ್ಲಿ ಬರೆದಿದ್ದರೂ, ಬರೆದಿರುವಷ್ಟನ್ನೆಲ್ಲ ವಸೂಲು ಮಾಡುವ ಹಕ್ಕು ತಾನಾಗಿ ಬರುವುದಿಲ್ಲ. ಆ ಮೊತ್ತವನ್ನು ಮೀರದಂತೆ ನ್ಯಾಯವಾದ ಪರಿಹಾರವಷ್ಟೇ ದೊರೆಯುತ್ತದೆ. 1963ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ಫತೇಚಂದ್ ಮತ್ತು ಬಾಲಕಿಷನ್ ದಾಸ್ ಮೊಕದ್ದಮೆ ಇದಕ್ಕೆ ಒಳ್ಳೆಯ ನಿದರ್ಶನ. ಒಂದು ಬಂಗಲೆಯ ಮಾರಾಟದ ಕರಾರು ಮುರಿದುಬಿದ್ದಿತ್ತು. ಕೊಳ್ಳುವವರು ಮೊದಲೇ ಕೊಟ್ಟಿದ್ದ 25,000 ರೂಪಾಯಿಗಳನ್ನೂ ಕರಾರಿನಂತೆ ಇಟ್ಟುಕೊಳ್ಳುತ್ತೇನೆಂದು ಮಾರುವವರು ಹೇಳಿದರು. ಮುಂಗಡವೆಂದು ಪಡೆದ 1,000 ರೂಪಾಯಿಯನ್ನು ಇಟ್ಟುಕೊಳ್ಳಲು ಕೋರ್ಟು ಒಪ್ಪಿತು. ಉಳಿದ 24,000ಕ್ಕೆ ಒಪ್ಪಲಿಲ್ಲ. 2019ರ ಗ್ರಾಹಕ ರಕ್ಷಣಾ ಕಾಯಿದೆಯೂ, ಆದ ನಷ್ಟಕ್ಕೆ ಸ್ವಲ್ಪವೂ ಹೊಂದದಷ್ಟು ದಂಡವನ್ನು ಗ್ರಾಹಕನ ಮೇಲೆ ಹೇರುವ ಕರಾರನ್ನು ಅನುಚಿತ ಕರಾರೆಂದು ಕರೆದಿದೆ. ನಷ್ಟವನ್ನು ತುಂಬಿಕೊಳ್ಳಬಹುದು, ಆ ನೆಪದಲ್ಲಿ ಸಂಪಾದನೆ ಮಾಡುವಂತಿಲ್ಲ ಎಂಬುದು ಇವೆರಡರ ಒಟ್ಟು ಅರ್ಥ.

ಹಾಗಾದರೆ ನಮ್ಮ ತೀರ್ಮಾನವೇನು? ಹೋಟೆಲಿನವರು ಶುಲ್ಕ ಪಡೆಯುವುದು ತಪ್ಪಲ್ಲ ಎಂದೇ ನಾನು ಹೇಳುತ್ತೇನೆ. ಆದರೆ ಅದಕ್ಕೆ ಕೆಲವು ಕಟ್ಟುಪಾಡುಗಳಿರಬೇಕು.

ಮೊದಲನೆಯದಾಗಿ, ಶುಲ್ಕವೆಷ್ಟು ಎಂಬುದನ್ನು ಮೇಜು ಕಾಯ್ದಿರಿಸುವಾಗಲೇ, ನಾವು ಓದಬಲ್ಲ ಭಾಷೆಯಲ್ಲಿ, ಎದ್ದು ಕಾಣುವಂತೆ ತಿಳಿಸಿರಬೇಕು. ಎರಡನೆಯದಾಗಿ, ಬರುವುದಿಲ್ಲವೆಂದು ಹೇಳುವುದು ಬರುತ್ತೇವೆಂದು ಹೇಳುವಷ್ಟೇ ಸುಲಭವಾಗಿರಬೇಕು. ಒಂದು ಗುಂಡಿ ಒತ್ತಿ ಜಾಗ ಹಿಡಿಯಬಹುದು, ರದ್ದು ಮಾಡಲು ಮಾತ್ರ ಹತ್ತು ಸಲ ಫೋನ್ ಮಾಡಬೇಕು ಎಂದರೆ ಅದು ಬಲೆಯೇ ಸರಿ. ಮೂರನೆಯದಾಗಿ, ಸಾಕಷ್ಟು ಮುಂಚೆ ತಿಳಿಸಿದವರಿಂದ ಏನನ್ನೂ ಪಡೆಯಬಾರದು. ಆ ಮೇಜಿಗೆ ಬೇರೆಯವರು ಬಂದು ಕುಳಿತರೆ, ನಷ್ಟವೇ ಆಗದಿದ್ದಮೇಲೆ, ಪಡೆದ ಹಣವನ್ನು ಹಿಂದಕ್ಕೆ ಕೊಡಬೇಕು. ನಾಲ್ಕನೆಯದಾಗಿ, ಕಾಯಿಲೆ, ಅಪಘಾತಗಳಂಥ ಸಂದರ್ಭದಲ್ಲಿ ನಿಜವನ್ನು ಕೇಳಿ ಬಿಟ್ಟುಕೊಡುವ ಒಬ್ಬ ಮನುಷ್ಯ ಯಂತ್ರದ ಹಿಂದೆ ಇರಬೇಕು.

ಐದನೆಯದನ್ನು ಸಾಮಾನ್ಯವಾಗಿ ಮರೆಯುತ್ತಾರೆ. ಮಾತು ಎರಡು ಕಡೆಯದು. ಎಂಟು ಗಂಟೆಗೆ ಮೇಜು ಕೊಡುತ್ತೇನೆಂದ ಹೋಟೆಲಿನವನು ಒಂಬತ್ತರವರೆಗೆ ನಿಮ್ಮನ್ನು ಬಾಗಿಲಲ್ಲಿ ನಿಲ್ಲಿಸಿದರೆ, ಅಥವಾ ಜಾಗವನ್ನು ಇನ್ನೊಬ್ಬರಿಗೆ ಕೊಟ್ಟುಬಿಟ್ಟರೆ, ಅವನೂ ಪರಿಹಾರ ಕೊಡಬೇಕು. ವಿಮಾನಗಳ ವಿಷಯದಲ್ಲಿ ಇಂಥ ನಿಯಮ ನಮ್ಮಲ್ಲೇ ಇದೆ. ದೃಢಪಟ್ಟ ಟಿಕೆಟು ಹಿಡಿದು ಹೊತ್ತಿಗೆ ಸರಿಯಾಗಿ ಬಂದ ಪ್ರಯಾಣಿಕನನ್ನು, ಸೀಟಿಗಿಂತ ಹೆಚ್ಚು ಟಿಕೆಟು ಮಾರಿದ್ದರಿಂದ ಬಿಟ್ಟುಹೋದರೆ, ಬೇಗನೆ ಬೇರೆ ವಿಮಾನ ಒದಗಿಸದ ಕಂಪನಿ ಅವನಿಗೆ ಪರಿಹಾರ ಕೊಡಬೇಕೆಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ವಿಧಿಸಿದೆ. ಬಾರದ ಗಿರಾಕಿಗೆ ಮಾತ್ರ ದಂಡ, ಜಾಗ ಕೊಡದ ಹೋಟೆಲಿಗೆ ಬರೀ 'ಸಾರಿ' ಎಂದರೆ ಅದು ಕರಾರಲ್ಲ, ದರ್ಪ.

ಮಿತ್ರರೇ, ನಿಮ್ಮ ಶಾಲೆ ಕಾಲೇಜುಗಳ ಚರ್ಚಾಕೂಟದಲ್ಲಿ ಈ ವಿಷಯವನ್ನು ಎತ್ತಿಕೊಂಡು ನೋಡಿ. ಪರವಾಗಿ ಮಾತನಾಡುವವರು ಒಮ್ಮೆ ಗಿರಾಕಿಯ ಜಾಗದಲ್ಲೂ, ವಿರೋಧಿಸುವವರು ಒಮ್ಮೆ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆಯೂ ಕುಳಿತು ಯೋಚಿಸಲಿ. ಶುಲ್ಕ ಎಷ್ಟಿರಬೇಕು, ಯಾವಾಗ ಬಿಡಬೇಕು ಎಂಬ ಬಗ್ಗೆ ನಿಮ್ಮಲ್ಲಿ ಭಿನ್ನಾಭಿಪ್ರಾಯ ಬಂದರೆ ಒಳ್ಳೆಯದೇ.

ಆದರೆ ಒಂದು ವಿಷಯದಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಯಿರಲಾರದು. ಬರುತ್ತೇನೆಂದು ಹೇಳಿ ಬರಲಾಗದಿರುವುದು ಯಾರಿಗೂ ಆಗುವಂಥದ್ದು. ಬರಲಾಗುವುದಿಲ್ಲವೆಂದು ತಿಳಿಸುವುದಕ್ಕೆ ಬೇಕಾದದ್ದು ಅರ್ಧ ನಿಮಿಷ. ಆ ಅರ್ಧ ನಿಮಿಷವನ್ನು ನಾವು ಕೊಟ್ಟರೆ ಹೋಟೆಲಿನವನ ಮೇಜು ತುಂಬುತ್ತದೆ, ಜಾಗ ಸಿಗದವರಿಗೆ ಜಾಗ ಸಿಗುತ್ತದೆ, ಶುಲ್ಕದ ಮಾತೇ ಬಹುಮಟ್ಟಿಗೆ ಏಳುವುದಿಲ್ಲ. ಹೋಟೆಲಿರಲಿ, ಸ್ನೇಹಿತರ ಮನೆಯ ಊಟವಿರಲಿ, ವೈದ್ಯರ ಬಳಿ ಗೊತ್ತುಮಾಡಿಕೊಂಡ ಸಮಯವಿರಲಿ, ನಮಗಾಗಿ ಅಲ್ಲಿ ಯಾರೋ ಒಬ್ಬರು ಕಾಯುತ್ತಿದ್ದಾರೆ ಎಂಬ ನೆನಪು ನಮಗಿರಬೇಕು. ಆ ನೆನಪಿರುವವರಿಗೆ ದಂಡದ ಭಯ ಬೇಕಾಗುವುದಿಲ್ಲ.